ಗೃಹಸ್ಥರ ಪುಟ: ಲಂಕೆಯ ಪ್ರಯಾಣಕ್ಕೆ ಬಟ್ಟೆಬರೆ

ಶಿವಮೊಗ್ಗೆಯ ಸೋದರಿಯೊಬ್ಬರು ಬರೆದ ಪತ್ರವೊಂದು ಈ ತಿಂಗಳು ನಮ್ಮ ಮುಂದಿದೆ. ಬರುವ ಏಪ್ರಿಲ್ ತಿಂಗಳಿನಲ್ಲಿ, ಮಕ್ಕಳಿಗೆ ರಜ ಬಂದ ಮೇಲೆ, ಅವರ ಸಂಸಾರವೆಲ್ಲ ಎಂಟು ದಿನಗಳ ಮಟ್ಟಿಗೆ ಶ್ರೀಲಂಕೆಗೆ ಹೋಗಿಬರುವುದೆಂದು ನಿಶ್ಚಯವಾಗಿರುವುದಂತೆ. ಹೊರಡುವವರು ಯಜಮಾನರು, ಸೋದರಿಯವರು, ಇಬ್ಬರು ಮಕ್ಕಳು ಮತ್ತು ಎಪ್ಪತ್ತೆರಡು ವರ್ಷ ವಯಸ್ಸಿನ ಅತ್ತೆಯವರು. “ಹೋಗಿಬಂದವರನ್ನು ಕೇಳಿದರೆ ಒಬ್ಬರು ಸೆಕೆ ಎನ್ನುತ್ತಾರೆ, ಒಬ್ಬರು ಚಳಿ ಎನ್ನುತ್ತಾರೆ, ಇನ್ನೊಬ್ಬರು ಮಳೆ ಎನ್ನುತ್ತಾರೆ. ಯಾರ ಮಾತನ್ನು ನಂಬಿ ಪೆಟ್ಟಿಗೆ ಕಟ್ಟಲಿ?” ಎಂದು ಸೋದರಿಯವರು ಕೇಳಿರುವರು.

ಮೂವರ ಮಾತೂ ನಿಜ, ಮೂರನ್ನೂ ನಂಬತಕ್ಕದ್ದು ಎಂಬುದೇ ನಮ್ಮ ಉತ್ತರ. ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುವುದು ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡ ವಿಷಯವೇ ಎಂದು ಕೆಲವು ವಾಚಕರಿಗೆ ತೋರಬಹುದು. ನಮಗೂ ಹಿಂದೆ ಹಾಗೆಯೇ ತೋರುತ್ತಿದ್ದಿತು. ಆ ಅಸಡ್ಡೆಗೆ ನಾವು ತೆತ್ತ ಬೆಲೆಯೇನೆಂಬುದನ್ನು ಮೊದಲು ಹೇಳಿ, ಬಳಿಕ ಸೋದರಿಯವರ ಪ್ರಶ್ನೆಗೆ ಬರುವೆವು.

2014ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಾವೂ ಸಂಸಾರಸಮೇತರಾಗಿ ಲಂಕೆಗೆ ಹೊರಟಿದ್ದೆವು. ಆ ಪ್ರಯಾಣಕ್ಕೆ ಕಾರಣರಾದವರು ನಮ್ಮ ತಾಯಿಯವರು. ಚಿಕ್ಕಂದಿನಿಂದಲೂ ರಾಮಾಯಣದ ಪಾರಾಯಣವನ್ನು ಕೇಳುತ್ತ ಬಂದಿದ್ದ ಅವರಿಗೆ, ಸೀತಮ್ಮನವರು ಶೋಕಿಸುತ್ತ ಕುಳಿತಿದ್ದ ಸ್ಥಳವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯಿದ್ದಿತು. ಲಂಕೆಯ ನಡುವಣ ಬೆಟ್ಟಗಳಲ್ಲಿ ನುವಾರ ಎಲಿಯ ಎಂಬ ಊರು. ಅಲ್ಲಿಂದ ಬದುಳ್ಳದ ದಾರಿಯಲ್ಲಿ ಕೆಲವೇ ಮೈಲಿ ಹೋದರೆ ಸೀತಾ ಎಲಿಯ. ಅಲ್ಲಿ ಹಳ್ಳದ ದಂಡೆಯ ಮೇಲೆ ಸೀತಾದೇವಿಯ ಗುಡಿಯಿರುವುದು. ಅಶೋಕವನವು ಅದೇ ಎಂದು ಭಕ್ತರು ನಂಬುವರು.

ಪೆಟ್ಟಿಗೆ ಕಟ್ಟಿದವರು ನಾವು. ವಿಮಾನದವರು ಗೊತ್ತುಮಾಡಿದ ತೂಕಕ್ಕಿಂತ ಅದು ಸ್ವಲ್ಪ ಹೆಚ್ಚಾಯಿತು. ನಮ್ಮ ಮನೆಯವರು ಮಡಿಸಿಟ್ಟಿದ್ದ ತಾಯಿಯವರ ಉಣ್ಣೆಯ ಶಾಲನ್ನು ನಾವು ಹೊರಕ್ಕೆ ತೆಗೆದೆವು. “ಅತ್ತೆಯವರಿಗೆ ಥಂಡಿಯಾದರೆ ಉಬ್ಬಸ ಬರುತ್ತದೆ, ಅದೊಂದು ಇರಲಿ” ಎಂದು ಆಕೆ ಹೇಳಿದಳು. “ಲಂಕೆಯೆಂದರೆ ಭೂಮಧ್ಯರೇಖೆಯ ಮಗ್ಗುಲಿನ ದ್ವೀಪ. ಅಲ್ಲಿಗೆ ಶಾಲು ಹೊತ್ತು ಹೋದವರನ್ನು ಕಂಡು ಜನ ನಗುವರು” ಎಂದು ನಾವು ಭೂಗೋಳದ ಪಾಠ ಹೇಳಿದೆವು. ನಮ್ಮ ಎರಡನೆಯ ಜೊತೆ ಬೂಟ್ಸು ಮಾತ್ರ ಪೆಟ್ಟಿಗೆಯೊಳಗೇ ಉಳಿಯಿತು.

ಕೊಲಂಬೊವಿನಲ್ಲಿ ಇಳಿದ ಎರಡು ದಿನ ಮೈಯೆಲ್ಲ ಬೆವರು. ನಮ್ಮ ಮಾತೇ ಗೆದ್ದಿತೆಂದು ಒಳಗೊಳಗೇ ಹಿಗ್ಗಿದೆವು. ಮೂರನೆಯ ದಿನ ರೈಲಿನಲ್ಲಿ ಬೆಟ್ಟ ಹತ್ತಿದೆವು. ಹ್ಯಾಟನ್ ದಾಟುವ ಹೊತ್ತಿಗೆ ಮಂಜು ಗಾಡಿಯ ಕಿಟಕಿಯಿಂದ ಒಳಕ್ಕೇ ಬರುತ್ತಿದ್ದಿತು. ನಾನು ಓಯದ ನಿಲ್ದಾಣದಲ್ಲಿ ಇಳಿದಾಗ ಸಂಜೆಯ ಗಾಳಿ, ಸಣ್ಣನೆಯ ಮಳೆ. ತೆಳುವಾದ ನೂಲಿನ ಸೀರೆಯ ಸೆರಗನ್ನು ಕಿವಿಗೆ ಸುತ್ತಿಕೊಂಡು ನಿಂತಿದ್ದ ತಾಯಿಯವರು, ಕೇಳಿದರೆ, “ಏನಿಲ್ಲಪ್ಪ, ಸ್ವಲ್ಪ ಗಾಳಿ” ಎಂದರು. ಅಂದಿನ ರಾತ್ರಿಯೇ ಉಬ್ಬಸ ಎದ್ದಿತು. ವೈದ್ಯರು ಬಂದು ಔಷಧ ಕೊಟ್ಟು, ಹಾಸಿಗೆ ಬಿಟ್ಟು ಏಳಕೂಡದೆಂದರು. ಮರುದಿನ ಪೇಟೆಯಿಂದ ಸ್ವೆಟರನ್ನೂ ಕಂಬಳಿಯನ್ನೂ ತಂದು ಹೊದಿಸಿದೆವು. ಆದರೆ ಎರಡು ದಿನಗಳು ಹಾಸಿಗೆಯಲ್ಲಿಯೇ ಕಳೆದುವು. ಮೂರನೆಯ ದಿನ ಬೆಳಗ್ಗೆ ವಿಮಾನದ ಗಡುವಿಗೆ ಬೆಟ್ಟ ಇಳಿಯಲೇಬೇಕಾಗಿದ್ದಿತು. ಗುಡಿ ಕೆಲವೇ ಮೈಲಿಯ ದೂರದಲ್ಲಿದ್ದಿತು. ವೈದ್ಯರು ಬೇಡವೆಂದರು. “ಇಷ್ಟು ಹತ್ತಿರ ಬಂದೆನಲ್ಲ, ಸಾಕು” ಎಂದು ತಾಯಿಯವರು ಗುಡಿಯಿರುವ ದಿಕ್ಕಿಗೆ ಕೈಮುಗಿದರು.

ನಾವು ಬೆಂಗಳೂರಿಗೆ ಹಿಂದಿರುಗಿದಾಗ ಆ ಶಾಲು ಮಂಚದ ಮೇಲೆ, ತೆಗೆದಿಟ್ಟ ಕಡೆಯಲ್ಲಿಯೇ ಇದ್ದಿತು. ಆಮೇಲೆ ಒಂದು ದಿನ ಅದನ್ನು ತೂಗಿ ನೋಡಿದೆವು: 400 ಗ್ರಾಂ. ಇನ್ನೊಮ್ಮೆ ಹೋಗುವ ಯೋಗವು ಅವರಿಗೆ ಬರಲಿಲ್ಲ. ಈಗ ಅವರಿಲ್ಲ.

ಇನ್ನು ಸೋದರಿಯವರ ಪ್ರಶ್ನೆ. ಲಂಕೆಯ ವಿಸ್ತೀರ್ಣವು ಸುಮಾರು 65,610 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಇಷ್ಟು ಚಿಕ್ಕ ನೆಲದಲ್ಲಿ ಮೂರು ಬಗೆಯ ಹವೆ ಹೇಗೆ ಬಂದಿತೆಂದರೆ, ಕರಾವಳಿಯ ಸುತ್ತಲೂ ತಗ್ಗಾದ ನೆಲ, ನಡುವೆ, ಸ್ವಲ್ಪ ದಕ್ಷಿಣಕ್ಕೆ, ಎತ್ತರವಾದ ಬೆಟ್ಟಗಳು. ಸಮುದ್ರಮಟ್ಟದಿಂದ ಸಾವಿರ ಮೀಟರು ಮೇಲೇರಿದರೆ ಉಷ್ಣಮಾನವು ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುವುದೆಂಬುದು ಸಾಮಾನ್ಯವಾದ ಲೆಕ್ಕ. ಕೊಲಂಬೊವಿನ ವರ್ಷದ ಸರಾಸರಿ ಉಷ್ಣಮಾನವು ಸುಮಾರು 28 ಡಿಗ್ರಿ. ನುವಾರ ಎಲಿಯ ಇರುವುದು 1,868 ಮೀಟರಿನಲ್ಲಿ. ಲೆಕ್ಕದಂತೆ ಹನ್ನೆರಡು ಡಿಗ್ರಿ ಕಳೆದರೆ ಉಳಿಯುವುದು 16. ಅಲ್ಲಿಯ ಸರಾಸರಿಯೂ ಹೆಚ್ಚುಕಡಮೆ ಅಷ್ಟೇ. ನಮ್ಮ ನಾಡಿನಲ್ಲಿ ಅತ್ಯಂತ ಎತ್ತರವಾದ ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರು. ಮುಳ್ಳಯ್ಯನಗಿರಿಯ ನೆತ್ತಿಗೆ ತುಸು ಕೆಳಗೆ ಒಂದು ಊರು ಕಟ್ಟಿ, ಪೇಟೆ ಹಾಕಿ, ರಾತ್ರಿ ಅಲ್ಲಿ ಮಲಗಿರೆಂದರೆ ಮಲೆನಾಡಿನ ಸೋದರಿಯವರು ಏನನ್ನು ಹೊದೆಯುವರೋ, ಅದನ್ನೇ ನುವಾರ ಎಲಿಯಕ್ಕೂ ಒಯ್ಯತಕ್ಕದ್ದು. ಈ ಹೋಲಿಕೆಯು ಹೊರಡುವ ಮುಂಚೆ ನಮಗೆ ಹೊಳೆಯಲಿಲ್ಲ.

ಕ್ಯಾಂಡಿಯು ಸುಮಾರು 500 ಮೀಟರಿನಲ್ಲಿದೆ, ಬೆಂಗಳೂರಿಗಿಂತ ತಗ್ಗು. ಅಲ್ಲಿಗೆ ಪ್ರತ್ಯೇಕವಾದ ಸಿದ್ಧತೆ ಬೇಡ. ಬೆಳಗಿನ ಹೊತ್ತಿಗೆ ಹೊದೆಯಲೊಂದು ತೆಳುವಾದ ವಸ್ತ್ರವಿದ್ದರೆ ಸಾಕು. ಅನುರಾಧಪುರ, ಸಿಗಿರಿಯ, ತ್ರಿಕೋಣಮಲೆ, ಯಾಳ್ಪಾಣಗಳ ಕಡೆಯದು ನಮ್ಮ ಬಯಲುಸೀಮೆಯಂತೆ ಬಿಸಿಲಿನ ನೆಲ.

ಮಳೆಯ ವಿಷಯದಲ್ಲಿ ಲಂಕೆಗೆ ಎರಡು ಬಾಗಿಲುಗಳು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಕೊಲಂಬೊ, ಗಾಲೆ ಮೊದಲಾದ ಕರಾವಳಿಗೂ ಬೆಟ್ಟಗಳ ಪಡುವಣ ಇಳಿಜಾರಿಗೂ ಮಳೆ ಸುರಿಸುವುದು. ಮಳೆ ಸುರಿಸಿ ಬರಿದಾದ ಅದೇ ಗಾಳಿಯು ಬೆಟ್ಟ ದಾಟಿ ಮೂಡಣಕ್ಕೆ ಇಳಿಯುವಾಗ ಒಣಗಿ ಬಿಸಿಯಾಗುವುದು; ಅದಕ್ಕೆ ಅಲ್ಲಿಯವರು ಕಚ್ಚಾನ್ ಎನ್ನುವರು. ಆಗುಂಬೆಯಲ್ಲಿ ಹೊಳೆಯಾಗಿ ಹರಿಯುವ ಮುಂಗಾರು ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿಯ ಗಾಳಿಯಾಗುವುದನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತದ ಕಾಲ. ಆಗ ಮೂಡಣಕ್ಕೂ ಬಡಗಣಕ್ಕೂ ಮಳೆ, ಗಾಲೆಯ ಕಡೆ ಹಿತವಾದ ಬಿಸಿಲು. ಇವೆರಡರ ನಡುವಣ ಮಾರ್ಚಿ–ಏಪ್ರಿಲುಗಳಲ್ಲಿ ಬೆಳಗ್ಗೆ ಬಿಸಿಲು ಕಾಯ್ದು ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುವುದುಂಟು. ಅಕ್ಟೋಬರ್–ನವೆಂಬರುಗಳೂ ಹಾಗೆಯೇ, ಅದರ ಮೇಲೆ ಚಂಡಮಾರುತದ ಭಯವೂ ಉಂಟು. 2025ನೆಯ ನವೆಂಬರಿನಲ್ಲಿ ದಿತ್ವಾ ಎಂಬ ಚಂಡಮಾರುತವು ಬೆಟ್ಟದ ಸೀಮೆಯಲ್ಲಿ ಭೂಮಿ ಕುಸಿಯುವಂತೆ ಸುರಿದು ಬಹಳ ಪ್ರಾಣಹಾನಿಯನ್ನುಂಟುಮಾಡಿತು; ರೈಲುದಾರಿಗೂ ಪೆಟ್ಟಾಯಿತು. ಆದುದರಿಂದ ಬೆಟ್ಟಕ್ಕೆ ಹೋಗುವವರು ಯಾವ ದಾರಿ ತೆರೆದಿದೆಯೆಂಬುದನ್ನು ವಿಚಾರಿಸಿಕೊಂಡೇ ಹೊರಡಬೇಕು.

ಇದರಿಂದ ಸೋದರಿಯವರ ಏಪ್ರಿಲ್ ಹೇಗಿರುವುದೆಂಬುದು ಸ್ಪಷ್ಟವಾಗುವುದು: ಕರಾವಳಿಯಲ್ಲಿ ಕಡು ಸೆಕೆ, ಮಧ್ಯಾಹ್ನದ ಮೇಲೆ ಯಾವ ಕಡೆಯಲ್ಲಾದರೂ ಮಳೆ, ನುವಾರ ಎಲಿಯದಲ್ಲಿ ಹಗಲು ಹಿತವಾಗಿದ್ದು ರಾತ್ರಿ ಚಳಿ. ಏಪ್ರಿಲ್ ನಡುವಿನಲ್ಲಿ ಅಲ್ಲಿಯ ಹೊಸ ವರ್ಷವಾದುದರಿಂದ ಬೆಟ್ಟದ ಊರಿನಲ್ಲಿ ಜನಸಂದಣಿ ಹೆಚ್ಚು, ಎಷ್ಟೋ ಊರುಗಳಲ್ಲಿ ಅಂಗಡಿಗಳೂ ಮುಚ್ಚಿರುವುವು. “ಬೇಕಾದರೆ ಅಲ್ಲಿಯೇ ಕೊಳ್ಳೋಣ” ಎಂಬ ಮಾತನ್ನು ನೆಚ್ಚಿ ಹೊರಡಕೂಡದು.

ಮೂರು ಹವೆಗೆ ಮೂರು ಪೆಟ್ಟಿಗೆ ಬೇಕೆಂದು ಹೆದರಬೇಕಾದುದಿಲ್ಲ. ಉಡುಪನ್ನು ಪದರ ಪದರವಾಗಿ ಯೋಚಿಸಿದರೆ ಒಂದೇ ಪೆಟ್ಟಿಗೆ ಸಾಕು. ಬಟ್ಟೆಯು ತಾನಾಗಿ ಶಾಖವನ್ನು ಹುಟ್ಟಿಸಲಾರದು. ಪದರಗಳ ನಡುವೆ ಸಿಕ್ಕಿ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಗೆ ಹೋಗದಂತೆ ತಡೆಯುವುದು. ಆದುದರಿಂದ ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಒಂದು ಸ್ವೆಟರು, ಅದರ ಮೇಲೆ ಗಾಳಿ ತೂರದ ಒಂದು ಮಳೆಯಂಗಿ, ಇವೆರಡೂ ಸೇರಿ ಹೆಚ್ಚು ಉಪಯುಕ್ತ. ಸೆಕೆಯಾದರೆ ಒಂದನ್ನು ಕಳಚಬಹುದು. ಮಳೆಗೆ ಒಂದು, ಚಳಿಗೆ ಎರಡು. ನೂಲಿನ ಬಟ್ಟೆಯು ಕರಾವಳಿಯ ಸೆಕೆಗೆ ಅತಿ ಹಿತಕರ. ಆದರೆ ನೆನೆದರೆ ಮೈಗಂಟಿ ಚಳಿಯನ್ನು ಹೆಚ್ಚಿಸುವುದು. ಉಣ್ಣೆಯು ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುವುದು. ನಮ್ಮ ಮಲೆನಾಡಿನ ರೈತನು ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆಗಿಳಿಯುತ್ತಿದ್ದುದು ಈ ಗುಣವನ್ನು ಬಲ್ಲುದರಿಂದಲೇ.

ಎಂಟು ದಿನಗಳಿಗೆ ನಮ್ಮ ಎಣಿಕೆ ಹೀಗಿದೆ. ಹೆಂಗಸರಿಗೆ ತೆಳುವಾದ ನೂಲಿನ ಸೀರೆಗಳು ನಾಲ್ಕು, ಅಥವಾ ಅಷ್ಟೇ ಸಲ್ವಾರಿನ ಜೊತೆಗಳು. ಅವುಗಳಲ್ಲಿ ಒಂದು ಬಿಳಿಯದಿರಲಿ, ಕಾರಣವನ್ನು ಮುಂದೆ ಹೇಳುವೆವು. ಗಂಡಸರಿಗೆ ಅಂಗಿ ನಾಲ್ಕು, ಷರಾಯಿ ಎರಡು, ಪಂಚೆ ಒಂದು, ಉತ್ತರೀಯ ಒಂದು. ಒಳಉಡುಪುಗಳು ಪ್ರತಿಯೊಬ್ಬರಿಗೂ ಐದೈದು. ಮಕ್ಕಳಿಗೆ ಐದು ಜೊತೆ, ಮೇಲೆ ಒಂದು. ಮಕ್ಕಳು ನೆನೆಯುವುದಕ್ಕೆ ಮಳೆಯೇ ಬರಬೇಕೆಂಬುದಿಲ್ಲ, ಸಮುದ್ರವಿದ್ದರೆ ಸಾಕು. ಇವಲ್ಲದೆ ಒಬ್ಬೊಬ್ಬರಿಗೂ ಒಂದು ಸ್ವೆಟರು, ಒಂದು ಮಳೆಯಂಗಿ, ಎರಡು ಜೊತೆ ಕಾಲುಚೀಲ. ಇಡೀ ಸಂಸಾರಕ್ಕೆ ಎರಡು ಛತ್ರಿ. ಕರಾವಳಿಯ ಬಿಸಿಲಿಗೂ ಮಳೆಗೂ ಅದು ಒದಗುವುದು, ಆದರೆ ಬೆಟ್ಟದ ಗಾಳಿಯಲ್ಲಿ ಬಾಗಿ ಮಗುಚುವುದರಿಂದ ಅಲ್ಲಿ ಮಳೆಯಂಗಿಯೇ ಗತಿ.

ಮುದುಕರಿಗೂ ಚಿಕ್ಕ ಮಕ್ಕಳಿಗೂ ಈ ಎಣಿಕೆ ಸಾಲದು. ವಯಸ್ಸಾದ ಮೈ ತನ್ನ ಶಾಖವನ್ನು ಕಾಪಾಡಿಕೊಳ್ಳಲಾರದು. ಎಷ್ಟೋ ಸಲ ಚಳಿಯಾದುದು ಅವರಿಗೇ ತಡವಾಗಿ ತಿಳಿಯುವುದು, ತಿಳಿದರೂ ಮಕ್ಕಳಿಗೆ ತೊಂದರೆಯೇಕೆಂದು ಹೇಳದೆ ಇರುವರು. ಅತ್ತೆಯವರಿಗೆ ಉಣ್ಣೆಯ ಶಾಲು, ಕಿವಿ ಮುಚ್ಚುವ ಕುಲಾವಿ, ಉಣ್ಣೆಯ ಕಾಲುಚೀಲ, ರವಿಕೆಯ ಮೇಲೆ ಹಾಕಿಕೊಳ್ಳಲು ಮುಂದೆ ಗುಂಡಿಯಿರುವ ತುಂಬುತೋಳಿನ ಸ್ವೆಟರು, ಇಷ್ಟೂ ಇರಲಿ. ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರು ವೃದ್ಧರಿಗೆ ಅನುಕೂಲವಲ್ಲ. ಉಬ್ಬಸ, ಕೀಲುನೋವುಗಳಿದ್ದರೆ ಅವುಗಳ ಔಷಧವೂ ಶಾಲಿನ ಜೊತೆಯಲ್ಲಿಯೇ ಇರಬೇಕು.

ಬಿಳಿಯ ಬಟ್ಟೆಯ ಕಾರಣವಿಷ್ಟು. ಕ್ಯಾಂಡಿಯ ದಳದಾ ಮಾಳಿಗಾವದಲ್ಲಿ ಬುದ್ಧದೇವನ ದಂತಧಾತುವನ್ನಿಟ್ಟು ಪೂಜಿಸುವರು. ಅಲ್ಲಿಗೆ ಭುಜವೂ ಮೊಣಕಾಲೂ ಮುಚ್ಚಿದ ಉಡುಪಿನಲ್ಲಿ ಹೋಗಬೇಕು. ಅಲ್ಲಿಯ ಜನ ಪೂಜೆಗೆ ಬಿಳಿಯ ಬಟ್ಟೆಯನ್ನು ಉಡುವುದು ವಾಡಿಕೆ. ಬೌದ್ಧ ಕ್ಷೇತ್ರಗಳಲ್ಲಿ ಪಾದರಕ್ಷೆಯಲ್ಲದೆ ಟೋಪಿಯನ್ನೂ ತೆಗೆಯಬೇಕು. ಅನುರಾಧಪುರದಲ್ಲಿ ಸ್ತೂಪದ ಸುತ್ತಣ ಹಾಸುಗಲ್ಲು ನಡುಹಗಲಿನಲ್ಲಿ ಕಾದ ಕಾವಲಿಯಂತಿರುವುದು. ಬೆಳಗ್ಗೆ ಅಥವಾ ಸಂಜೆ ಹೋಗತಕ್ಕದ್ದು, ಇಲ್ಲವಾದರೆ ದಪ್ಪನೆಯ ಕಾಲುಚೀಲ ಜೊತೆಗಿರಲಿ. ಯಾಳ್ಪಾಣದ ನಲ್ಲೂರು ಕಂದಸ್ವಾಮಿಯ ದೇವಾಲಯದಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಪದ್ಧತಿ. ನಮ್ಮ ಪಂಚೆ, ಉತ್ತರೀಯಗಳು ಅಲ್ಲಿ ಸಾರ್ಥಕವಾಗುವುವು. ಬುದ್ಧನ ಚಿತ್ರವನ್ನು ಅಚ್ಚುಹಾಕಿದ ಅಂಗಿಗಳನ್ನು ಸರ್ವಥಾ ಒಯ್ಯಬಾರದು. ಅದನ್ನು ಅಲ್ಲಿಯವರು ಅವಮಾನವೆಂದು ಎಣಿಸುವರು.

ಯಜಮಾನರಿಗೆ ಶ್ರೀಪಾದ ಪರ್ವತವನ್ನು ಹತ್ತುವ ಆಸೆಯಿದ್ದರೆ ಇನ್ನೊಂದು ಮಾತು. ಅದರ ಎತ್ತರ 2,243 ಮೀಟರು; ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳಿನ ವೈಶಾಖ ಹುಣ್ಣಿಮೆಯವರೆಗೆ ಯಾತ್ರೆಯ ಕಾಲ. ಸೂರ್ಯೋದಯವನ್ನು ನೋಡಲು ಜನ ನಡುರಾತ್ರಿಯಲ್ಲಿ ಹೊರಟು ಸಾವಿರಾರು ಮೆಟ್ಟಿಲುಗಳನ್ನು ಹತ್ತುವರು. ಹತ್ತುವಾಗ ಬೆವರು ಹರಿಯುವುದು. ಮೇಲೆ ಹೋಗಿ ನಿಂತೊಡನೆ ಆ ಬೆವರಿನ ಬನೀನೇ ಮಂಜಿನ ನೀರಿನಂತಾಗುವುದು. ಒಣಗಿದ ಬನೀನೊಂದನ್ನು ಚೀಲದಲ್ಲಿಟ್ಟುಕೊಂಡು, ಮೇಲೆ ಮುಟ್ಟಿದ ಕೂಡಲೇ ಬದಲಾಯಿಸಿ, ಆಮೇಲೆ ಸ್ವೆಟರನ್ನು ಹಾಕಿಕೊಳ್ಳಬೇಕು.

ಕಾಲಿಗೆ ಮೆತ್ತನೆಯ, ಜಾರದ ಅಡಿಯುಳ್ಳ ಒಂದು ಜೊತೆ ಬೂಟ್ಸು, ನೀರು ತಗುಲಿದರೂ ಕೆಡದ ಒಂದು ಜೊತೆ ಚಪ್ಪಲಿ. ಇದಕ್ಕಿಂತ ಹೆಚ್ಚು ಬೇಡ. ಸಿಂಹರಾಜದಂಥ ಮಳೆಕಾಡಿಗೆ ಹೋಗುವವರಿಗೆ ಉಂಬಳಗಳ ಕಾಟವುಂಟು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕೆ? ನೇಯ್ಗೆ ಒತ್ತಾದ ಉದ್ದನೆಯ ಕಾಲುಚೀಲದೊಳಕ್ಕೆ ಷರಾಯಿಯ ತುದಿಯನ್ನು ಸೇರಿಸಿ ಕಟ್ಟಿಕೊಂಡರೆ ಅರ್ಧ ಭಯ ನೀಗುವುದು.

ಬಟ್ಟೆ ಒಗೆಯುವುದನ್ನೂ ಮೊದಲೇ ಯೋಚಿಸಿಡಬೇಕು. ನುವಾರ ಎಲಿಯದ ಹಸಿ ಹವೆಯಲ್ಲಿ ಒಗೆದ ಬಟ್ಟೆಯು ಎರಡು ದಿನಕ್ಕೂ ಒಣಗಲಾರದು. ಒಣಗದುದನ್ನು ಪೆಟ್ಟಿಗೆಗೆ ಹಾಕಿದರೆ ಒಳಗಿರುವುದೆಲ್ಲ ಮುಗ್ಗಲು ಹಿಡಿಯುವುದು. ಅನುರಾಧಪುರ, ಸಿಗಿರಿಯಗಳ ಕಡೆ ಬೆಳಗ್ಗೆ ಒಗೆದು ಹರವಿದುದನ್ನು ಮಧ್ಯಾಹ್ನದ ಮೋಡ ಬರುವುದರೊಳಗೆ ಮಡಿಸಿಡಬಹುದು. ಆದುದರಿಂದ ಒಣ ಸೀಮೆಯಲ್ಲಿ ಒಗೆದುಕೊಂಡು ಬೆಟ್ಟಕ್ಕೆ ಹೋಗುವುದು ಕ್ರಮ. ನೆನೆದುವನ್ನು ಪ್ರತ್ಯೇಕವಾಗಿಡಲು ನೀರು ಸೋರದ ಒಂದು ಚೀಲವಿರಲಿ.

ಜೋಡಿಸುವಾಗ ಮೊದಲು ಬೇಕಾಗುವುದು ಮೇಲೆ, ಕಡೆಗೆ ಬೇಕಾಗುವುದು ಕೆಳಗೆ. ಪ್ರತಿಯೊಬ್ಬರದೂ ಒಂದೊಂದು ಜೊತೆಯನ್ನು ಬೇರೆಯವರ ಪೆಟ್ಟಿಗೆಯಲ್ಲಿಡಿ. ಒಂದು ಪೆಟ್ಟಿಗೆ ತಪ್ಪಿಹೋದರೂ ಯಾರೂ ಉಟ್ಟ ಬಟ್ಟೆಯಲ್ಲಿಯೇ ನಿಲ್ಲಬೇಕಾಗದು. ಆದರೆ ಬೆಚ್ಚನೆಯ ಬಟ್ಟೆಗಳನ್ನು, ಅದರಲ್ಲಿಯೂ ಅತ್ತೆಯವರ ಶಾಲನ್ನು, ಯಾವ ಪೆಟ್ಟಿಗೆಗೂ ಹಾಕಬಾರದು. ಅದು ಅವರ ಕೈಚೀಲದಲ್ಲಿ, ಅವರ ಕೈಗೇ ಸಿಕ್ಕುವಂತಿರಲಿ. ಕರಾವಳಿಯಿಂದ ಬೆಟ್ಟಕ್ಕೆ ಏರುವ ಕೆಲವು ಗಂಟೆಗಳಲ್ಲಿಯೇ ಹವೆಯು ಹನ್ನೆರಡು ಡಿಗ್ರಿ ಇಳಿಯುವುದು. ಆ ಹೊತ್ತಿಗೆ ಪೆಟ್ಟಿಗೆಯು ಮೋಟಾರಿನ ಹಿಂದೆಯೋ ರೈಲಿನ ಹಲಗೆಯ ಮೇಲೋ ಇರುವುದು. ಕೇಳದೆಯೇ ಎತ್ತಿ ಹೊದೆಯುವಂತಿದ್ದರೆ ಮಾತ್ರ ಹಿರಿಯರು ಹೊದೆಯುವರು. ಕೇಳಬೇಕಾಗಿ ಬಂದರೆ, “ಏನಿಲ್ಲಪ್ಪ, ಸ್ವಲ್ಪ ಗಾಳಿ” ಎನ್ನುವರು.

ಕಡೆಯದಾಗಿ ತೂಕದ ಮಾತು. ಎಲ್ಲರ ಪೆಟ್ಟಿಗೆಯೂ ಮೊದಲನೆಯ ಸಲ ತೂಕ ಹೆಚ್ಚಾಗಿಯೇ ಬರುವುದು, ಏನನ್ನಾದರೂ ತೆಗೆಯಲೇಬೇಕಾಗುವುದು. ಆಗ ಪೆಟ್ಟಿಗೆ ಕಟ್ಟಿದವರು ಮೊದಲು ತಮ್ಮದನ್ನು ತೆಗೆಯಲಿ. ಹಿರಿಯರದನ್ನೂ ಮಕ್ಕಳದನ್ನೂ ಕಟ್ಟಕಡೆಗೆ, ಅದೂ ಮನೆಯಾಕೆಯನ್ನು ಕೇಳಿ ತೆಗೆಯಬೇಕು. ಯಾರಿಗೆ ಯಾವ ಊರಿನಲ್ಲಿ ಮೊದಲು ಚಳಿಯಾಗುವುದೆಂಬುದು ಭೂಗೋಳ ಓದಿದವರಿಗಿಂತ ಆಕೆಗೆ ಚೆನ್ನಾಗಿ ಗೊತ್ತು.

ಶಿವಮೊಗ್ಗೆಯ ಸೋದರಿಯವರ ಪ್ರಯಾಣವು ಸುಖಕರವಾಗಲಿ. ಪತ್ರದ ಕೊನೆಯಲ್ಲಿ, ಅತ್ತೆಯವರಿಗೆ ಸೀತಾ ಎಲಿಯದ ಗುಡಿಯನ್ನು ನೋಡುವ ಇಚ್ಛೆಯಿದೆಯೆಂದು ಅವರು ಬರೆದಿರುವರು. ಅಲ್ಲಿಗೆ ಬೆಳಗ್ಗೆಯೇ ಹೋಗಲಿ. ಮಧ್ಯಾಹ್ನದ ಮೇಲೆ ಮಳೆಯ ಸಂಭವವುಂಟು. ಹಳ್ಳದ ಬಂಡೆ ಜಾರುವುದು, ಅತ್ತೆಯವರ ಕೈ ಹಿಡಿದುಕೊಳ್ಳಿರಿ. ದರ್ಶನವಾಯಿತೆಂದು ಹಿಂದಿರುಗಿದ ಮೇಲೆ ನಮಗೆ ಎರಡು ಸಾಲು ಬರೆದರೆ ಬಹಳ ಸಂತೋಷಪಡುವೆವು.